ಓಣಿಗೆ ಬಾರದ ಟೆಂಪೋ

ಬುದ್ಧ ಪೂರ್ಣಿಮೆಯ ಸಂಜೆ ಭಾಲ್ಕಿಯಲ್ಲಿ ಕರೆಂಟ್ ಹೋಯಿತು. ಅದು ತಿರುಗಿ ಬರುವಷ್ಟರಲ್ಲಿ ಗಿರಿಜಾಬಾಯಿಯ ಉಸಿರು ಹೋಗಿತ್ತು. ಮೂಗಿಗೆ ನಳಿಗೆ ಇದ್ದೇ ಇತ್ತು. ಆಕ್ಸಿಜನ್ ಮಷಿನ್ ನಿಂತಿತ್ತು. ಇನ್ವರ್ಟರ್ ಬ್ಯಾಟರಿ? ಫುಲ್! ಹಾಗಾದರೆ ವೈರ್ ಕಿತ್ತವರು ಯಾರು?

ಕೋಣೆಯಲ್ಲಿದ್ದವಳು ಸೊಸೆ ಸಪನಾ ಒಬ್ಬಳೇ.

ಗಿರಿಜಾಬಾಯಿಯ ಗಂಡ ಮಚ್ಛೇಂದ್ರನ ಮೈಕ್‌ಸೆಟ್ಟಿನ ಪ್ರತಾಪ ಸಾಮಾನ್ಯದ್ದಲ್ಲ. ಅವನು ಭಾಲ್ಕಿಯಲ್ಲಿ ‘ಹಲೋ, ಚೆಕ್’ ಅಂದರೆ ಔರಾದದ ತೊಟ್ಟಿಲ ಕೂಸು ಎದ್ದು ಕೂತು ಹಾಜರಿ ಹೇಳುತ್ತಿತ್ತು; ಉದಗೀರದ ಎಮ್ಮೆಗಳು ಹಾಲು ಬಿಗಿಹಿಡಿಯುತ್ತಿದ್ದವು. ಅದೇ ಗಂಟಲಿನಲ್ಲಿ ಈಗ ಒಂದೇ ಕೂಗು— “ನನ್ನ ಸೊಸಿ ಕೊಂದಾಳ!”

ಬೀದರಿನಿಂದ ಅಂಜುಮ ಬಂದಳು. ಕಾಲೇಜಿನಲ್ಲಿ ಸಪನಾಳಿಗೆ ರಸಾಯನಶಾಸ್ತ್ರ ಕಲಿಸಿದವಳು. ಬ್ಯಾಟರಿ ಸಂಶೋಧನೆಗೆಂದು ಕಬ್ಬಿಣದ ಫಾಸ್ಫೇಟ್ ಎಂಬ ಪುಡಿಯನ್ನು ಅವಳು ಅರೆದ ಕಾಲದಲ್ಲಿ ಬೀದರ ಕೋಟೆಯನ್ನು ಎರಡು ಸಲ ಕೆಡವಿ ಕಟ್ಟಬಹುದಿತ್ತು! “ಮೇಡಂ, ಮಾವ ನಾಳಿ ಪೊಲೀಸರಿಗಿ ಹೇಳ್ತಾರಂತ. ನನ್ನ ಗಂಡನೂ ಮಾತಾಡವಲ್ಲ” ಎಂದು ಸಪನಾ ಫೋನಿನಲ್ಲಿ ಅತ್ತಿದ್ದು ಅವಳ ಕಿವಿಯಲ್ಲೇ ಇತ್ತು.

“ಕಾಕಾ, ಬ್ಯಾಟರಿ ಫುಲ್ ಇತ್ತಂತ ಹ್ಯಾಂಗ ಗೊತ್ತಾತ್ರಿ?”

“ಮೀಟರ್ ಹಿಡದೇನ್ರಿ! ಜೋಡಿಸೂ ಮುಂದ ಹನ್ನೆರಡು ಪಾಯಿಂಟ್ ಒಂಬತ್ತು ವೋಲ್ಟ್. ಆಕಿ ಹೋದ ಮ್ಯಾಲ ಹನ್ನೆರಡು ಪಾಯಿಂಟ್ ಎಂಟು. ಆಗಲೇ ಕಳಚಿ ಕಪಾಟಿನಾಗ ಕೀಲಿ ಹಾಕೇನಿ. ಜಲ್ಮೆಲ್ಲಾ ಆಸಿಡ್ ಬ್ಯಾಟರಿ ಹೊತ್ತೇನಿ, ನನಗ ಬ್ಯಾಟರಿ ಕಲಸ್ತೀರೇನು?”

“ಇದು ಹೊಸಾದಲ್ರಿ?”

“ನನ್ನ ಮಗ ವಿಶ್ವಾಸ, ಈಕಿ ಗಂಡ, ತಂದಾನ. ಲಿಥಿಯಂ. ಹೂವಿನಂಗ ಹಗುರ! ಅವತ್ತ ಮೈಕ್‌ಸೆಟ್ಟಿಗಂತ ಮೆಹಕರಕ್ಕ ಒಯ್ದಿದ್ದೆ. ವಿಹಾರದಾಗ ಮುಂಜಾನಿಂದ ಹಾಡು, ಭಾಷಣ. ಸಂಜಿಗಿ ತಂದು ಜೋಡಿಸಿ, ಅಲ್ಲೇ ಉಳಿದ ಮೈಕಿನ ಹಾರ್ನ್ ತರಾಕ ಹೊಂಟೆ. ಓಣಿ ದಾಟೂದ್ರಾಗ ಕರೆಂಟ್ ಹೋತು. ಬ್ಯಾಟರಿ ಫುಲ್ ಅದಲ್ಲ ಅಂತ ತಿರುಗಿ ನೋಡಲಿಲ್ಲ.”

ಅಂಜುಮ ಸಪನಾಳತ್ತ ತಿರುಗಿದಳು. “ನೀ?”

“ಅತ್ತಿ ಕೈ ಹಿಡಕೊಂಡು ಕೂತಿದ್ದೆ. ಮಷಿನ್ ಒಂದೀಟು ನಡೀತು, ನಿಂತಿತು. ಅವರು ಒದ್ದಾಡೂದು ನೋಡಿ ನನಗ ಏನೂ ಕೇಳಲಿಲ್ಲ, ಕಾಣಲಿಲ್ಲ. ಚೀರಿದೆ.”

“ಕೇಳಿದ್ರಿ? ಏನೂ ಗೊತ್ತಿಲ್ಲಂತ!” ಮಚ್ಛೇಂದ್ರ ಸಿಡಿದ.

ಪಕ್ಕದ ಮನೆಯ ಕಾಂತಾಬಾಯಿ ಚಹಾ ತಂದಳು. “ಚೀರಿದ್ದು ಖರೇನ್ರಿ. ಒಂದು ಹಾಳಾದ ಟೆಂಪೋ ಅದ ಹೊತ್ತಿಗಿ ಪೀಂ ಪೀಂ ಅಂತ ಹಿಂದ ಸರೀಲಿಕತ್ತಿತ್ತು. ಅದರ ಸಪ್ಪಳದಾಗ ಚೀರಿದ್ದು ನೆಟ್ಟಗ ಕೇಳಲಿಲ್ಲ, ಇಲ್ಲಾಂದ್ರ ನಾ ಮೊದಲ ಓಡಿ ಬರ್ತಿದ್ದೆ.”

ಅಂಜುಮ ಕಪ್ಪು ಕೆಳಗಿಟ್ಟಳು. ಬಾಗಿಲಿಗೆ ಹೋಗಿ ಓಣಿ ನೋಡಿದಳು. ಎರಡು ಬೆಕ್ಕು ಎದುರಾದರೆ ಒಂದು ತವರಿಗೇ ವಾಪಸಾಗಬೇಕು, ಅಷ್ಟು ಇಕ್ಕಟ್ಟು!

“ಕಾಕಿ, ಈ ಓಣಿಯಾಗ ಟೆಂಪೋ ಹ್ಯಾಂಗ ಬಂತ್ರಿ?”

ಕಾಂತಾಬಾಯಿ ತಾನೂ ಬಾಗಿಲಿಗೆ ಬಂದು ಓಣಿ ಇಣುಕಿದಳು.

“ಅದು ಇನ್ವರ್ಟರ್,” ಅಂದಳು ಅಂಜುಮ. “ಬ್ಯಾಟರಿ ಮುಗದ್ರ ಹಂಗ ಒದರ್ತದ. ಮಷಿನ್ನಿನ ವೈರ್ ಕಿತ್ತಿದ್ರ ಸುಮ್ಮಕಿರ್ತಿತ್ತು.”

“ಮುಗದ್ರ? ಮತ್ತ ಮೀಟರ್—”

“ಆ ಅಂಕಿ ಆಸಿಡ್ ಬ್ಯಾಟರಿಗಿ ಫುಲ್. ಇದಕ್ಕ ತಳ. ಇದರೊಳಗ ಕಬ್ಬಿಣದ ಫಾಸ್ಫೇಟ್ ಇರ್ತದ, ಅದರ ಹರಳಿನಾಗೂ ಓಣಿ ಅವ ಕಾಕಾ, ಇದಕ್ಕಿಂತ ಇಕ್ಕಟ್ಟು. ಬ್ಯಾಟರಿ ನಡದಂಗೆಲ್ಲಾ ಲಿಥಿಯಂ ಸಾಲುಗಟ್ಟಿ ಹೊಕ್ಕು ಖಾಲಿ ಮನಿ ತುಂಬತದ. ತುಂಬಿದ್ದೊಂದು ಭಾಗ, ಖಾಲಿದೊಂದು ಭಾಗ. ಎರಡೂ ಇರೂತನಕ ವೋಲ್ಟೇಜ್ ಹೆಚ್ಚುಕಮ್ಮಿ ಅಲ್ಲೇ ನಿಂದರ್ತದ. ಖಾಲಿ ಮನಿ ತೀರಿದ್ರ ಧಡಕ್ಕನ ಬೀಳ್ತದ. ಮಷಿನ್ ನಿಂತು ಭಾರ ತಪ್ಪಿದ್ರ ಮೀಟರಿನಾಗ ಅಂಕಿ ಮತ್ತ ಏಳ್ತದ. ಒಳಗ ಏನೂ ಇರಂಗಿಲ್ಲ.”

“ಸುಳ್ಳು!”

ಅಂಜುಮ ಬ್ಯಾಟರಿ ತರಿಸಿ, ಮೀಟರ್ ಹಿಡಿಯಲು ಅವನಿಗೇ ಹೇಳಿದಳು. ಹನ್ನೆರಡು ಪಾಯಿಂಟ್ ಎಂಟು. ಮೇನ್ ಸ್ವಿಚ್ ಇಳಿಸಿ, ಇನ್ವರ್ಟರ್‌ಗೆ ಜೋಡಿಸಿ, ಅದೇ ಆಕ್ಸಿಜನ್ ಮಷಿನ್ ಹಚ್ಚಿದಳು. ಅದು ಒಮ್ಮೆ ಉಸಿರೆಳೆಯಿತು.

ಪೀಂ. ಪೀಂ. ಪೀಂ.

“ಇದ! ಇದ ಟೆಂಪೋ!” ಎಂದ ಕಾಂತಾಬಾಯಿ ಮಚ್ಛೇಂದ್ರನ ಮುಖ ನೋಡಿ ಸೆರಗು ಬಾಯಿಗೊತ್ತಿಕೊಂಡಳು.

ಮಷಿನ್ ನಿಂತಿತು.

“ವೈರ್ ಯಾರೂ ಕಿತ್ತಿಲ್ಲ ಕಾಕಾ,” ಅಂಜುಮಳ ದನಿ ಇಳಿದಿತ್ತು. “ಇದರ ಜೀವ ಮೆಹಕರದಾಗ ಮೈಕಿಗಿ ಹೋಗಿತ್ತು. ಖಾಲಿ ಡಬ್ಬಿ ತಂದು ಜೋಡಿಸಿದವರು ನೀವು.”

ಸಪನಾ ಒಳಗೆ ಹೋಗಿ ಬಟ್ಟೆಯ ಚೀಲ ತಂದಳು. ಹೊಸ್ತಿಲಲ್ಲಿ ನಿಂತಳು. ಒಂದು ಮಾತಿಗಾಗಿ ಕಾದಳು. ಮಚ್ಛೇಂದ್ರ ಬಾಯಿ ತೆರೆದ, ಮತ್ತೆ ತೆರೆದ.

ಉದಗೀರದ ತನಕ ಮುಟ್ಟುತ್ತಿದ್ದ ಗಂಟಲು ಹೊಸ್ತಿಲ ತನಕ ಮುಟ್ಟಲಿಲ್ಲ.