ಆತೇನು?

"ಐವತ್ತೆಂಟು ಪರ್ಸೆಂಟಾ?"

ಖೈರುನಬಿಯ ದನಿಯೇ ದೊಡ್ಡದು. ಬೆಟಗೇರಿಯ ಅವಳ ಸಣ್ಣ ಕಂಪ್ಯೂಟರ್ ಅಂಗಡಿಯಲ್ಲಿ ಅರ್ಜಿ ತುಂಬಿಸಲು ನಿಂತವರೆಲ್ಲ ಒಮ್ಮೆಲೇ ರೋಹಿಣಿಯ ಕಡೆ ತಿರುಗಿದರು. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಅವಳಿಗೆ.

"ಅಕ್ಕಾರ, ಸಾವಕಾಶ ಅನ್ರಿ..."

"ಅಯ್ಯ, ನಾಚೂದೇನೈತಿ ತಂಗಿ? ಎಂ.ಸಿ.ಎ.ಗೆ ಅರ್ಜಿ ಹಾಕಾಕ ಇಷ್ಟು ಸಾಕು. ಆದ್ರ ಪ್ರವೇಶ ಪರೀಕ್ಷಾದಾಗ ಚಲೋ ರ‍್ಯಾಂಕ್ ಬರಬೇಕು ನೋಡು. ಇಲ್ಲಾಂದ್ರ ಹುಬ್ಬಳ್ಳಿ ಕಾಲೇಜು ಮರತುಬಿಡು!"

ಯಾರೋ ಕಿಸಕ್ಕೆಂದರು. ರೋಹಿಣಿಯ ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ಸಾಲಿನ ಹಿಂದಿನಿಂದ ಒಂದು ಗಂಡುದನಿ ಕೇಳಿತು. "ಅಕ್ಕಾರ, ನಂದೂ ಹಂಗ ಒದರಿ ಹೇಳ್ರಿ! ಮೂರನೇ ಸೆಮಿಸ್ಟರಿನ್ಯಾಗ ಎರಡು ಸಬ್ಜೆಕ್ಟ್ ಹೋಗಿದ್ವು. ಊರಿಗೆಲ್ಲಾ ಗೊತ್ತಾಗ್ಲಿ!"

ಸಾಲೆಲ್ಲ ಗೊಳ್ಳೆಂದಿತು. ಈಗ ಎಲ್ಲರ ಕಣ್ಣೂ ಅವನ ಮೇಲೆ. ರೋಹಿಣಿಗೆ ಮಾತ್ರ ಮೈ ಉರಿಯಿತು. ಇವನು ನನ್ನನ್ನೇ ಆಡಿಕೊಳ್ಳುತ್ತಿದ್ದಾನೆ!

ಹೊರಗೆ ಬಂದವಳೇ ಅವನನ್ನು ತಡೆದಳು. "ನನ್ನ ನೋಡಿ ನಗಾಕ ನಿಮಗೇನು ಹಕ್ಕೈತ್ರಿ?"

"ನಿಮಗ ನಕ್ಕಿಲ್ರಿ." ಅವನು ತಲೆ ತಗ್ಗಿಸಿದ. "ಮಂದಿ ನನಗ ನಗ್ಲಿ ಅಂತ ಹೇಳಿದೆ, ಅಷ್ಟ."

ಅವನು ಹೊಂಬಳದ ಶಿವಯೋಗಿ. ಎರಡು ಸಬ್ಜೆಕ್ಟ್ ಹೋದದ್ದು ಶುದ್ಧ ಸುಳ್ಳೆಂದು ಅವಳಿಗೆ ತಿಳಿದದ್ದು ವಾರದ ಮೇಲೆ, ಖೈರುನಬಿಯಿಂದಲೇ. "ಆ ಹುಡುಗ ಫೇಲ್ ಆಗೂದಾ? ತನ್ನ ಕಾಲೇಜಿಗೇ ಮೊದಲು ಬಂದಾನ ಹುಚ್ಚಿ!"

ನಾಚಿಕೆಯಿಂದ ಮುದುಡಿದ ಹುಡುಗಿಯೊಬ್ಬಳ ಮೇಲಿನ ಕಣ್ಣುಗಳನ್ನು ತನ್ನ ಕಡೆ ಎಳೆದುಕೊಳ್ಳಲು ಅವನು ತನ್ನ ಮರ್ಯಾದೆಯನ್ನೇ ಬಿಟ್ಟಿದ್ದ. ಅಂದೇ ಅವಳ ಮನಸ್ಸು ಅವನ ಕಡೆ ವಾಲಿತು.

ಮುಂದೆ ಗದುಗಿನ ಗ್ರಂಥಾಲಯದಲ್ಲಿ ಇಬ್ಬರೂ ಕೂಡಿ ಓದಿದರು. ಅವಳಿಗೆ ಗಣಿತವೆಂದರೆ ಕೈಕಾಲು ತಣ್ಣಗಾಗುತ್ತಿದ್ದವು. "ತಿಳೀಲಿಲ್ಲ" ಎನ್ನಲು ಅವಳು ಅಂಜುವುದನ್ನು ಕಂಡು, ಅವನು ತಾನೇ "ನನಗ ತಿಳೀವಲ್ದು, ಮತ್ತೊಮ್ಮೆ ನೋಡೂಣು" ಎಂದು ಮೊದಲಿನಿಂದ ಶುರು ಮಾಡುತ್ತಿದ್ದ. 'ನೀವು' ಹೋಗಿ 'ನೀ' ಬಂತು. ಹುಬ್ಬಳ್ಳಿಯ ಒಂದೇ ಕಾಲೇಜಿನಲ್ಲಿ ಇಬ್ಬರಿಗೂ ಸೀಟು ಸಿಗಬೇಕು ಎಂಬುದು ಬಾಯಿಬಿಟ್ಟು ಆಡದ ಹರಕೆಯಾಯಿತು.

ಮನೆಯಲ್ಲಿ, ಮಗ್ಗ ನೇಯುವ ಅಪ್ಪ ತೋಟಪ್ಪ ಹೇಳಿಬಿಟ್ಟಿದ್ದ. "ಈ ವರ್ಷ ಸೀಟಾದ್ರ ಓದವ್ವಾ, ನಾ ಬ್ಯಾಡನ್ನೂದಿಲ್ಲ. ಆಗದಿದ್ರ ಬಂದ ವರಾ ನೋಡೂಣು."

ಫಲಿತಾಂಶ ಬಂತು. ಶಿವಯೋಗಿಯದು ಒಳ್ಳೆಯ ರ‍್ಯಾಂಕ್. ರೋಹಿಣಿಯದು... ಅಂಕಿ ನೋಡಿ ಅವಳು ಫೋನನ್ನೇ ಮಗುಚಿಟ್ಟಳು.

ಅವನು ಇಷ್ಟು ಹೇಳಿಕೊಟ್ಟು ನಾನು ತಂದದ್ದು ಇದಾ? ಯಾವ ಮುಖ ಇಟ್ಟುಕೊಂಡು ಮಾತಾಡಲಿ? ಅವನ ಕರೆ ಬಂದರೂ ಎತ್ತಲಿಲ್ಲ. ಗ್ರಂಥಾಲಯದ ಕಡೆ ಹಾಯಲೂ ಇಲ್ಲ.

ಯಾವ ಕಾಲೇಜು ಮೊದಲು, ಯಾವುದು ಆಮೇಲೆ ಎಂದು ಕಂಪ್ಯೂಟರಿನಲ್ಲಿ ತುಂಬುವ ವಾರ ಬಂತು. ಓದುವ ಮಕ್ಕಳು ಎದುರಾದರೆ ಒಂದೇ ಪ್ರಶ್ನೆ: "ಆಪ್ಷನ್ ಎಂಟ್ರಿ ಆತೇನು?" ಕಡೆಯ ದಿನ ಮುಂಜಾನೆ ರೋಹಿಣಿಯೂ ಖೈರುನಬಿಯ ಅಂಗಡಿಗೆ ಹೋಗಿ, ಸಿಗುವುದಿಲ್ಲವೆಂದು ಗೊತ್ತಿದ್ದೂ ಹುಬ್ಬಳ್ಳಿಯನ್ನೇ ಮೊದಲು ಹಾಕಿಸಿ ಬಂದಳು. ಅವನು ಓದಲು ಹೋಗುವ ಊರು ಅದೇ ಅಲ್ಲವೇ!

ಆ ಮಧ್ಯಾಹ್ನ ಅವಳು ಅಪ್ಪನಿಗೆ ಊಟ ಕೊಡಲು ಮಗ್ಗದ ಮನೆಗೆ ಹೋದಾಗ ಫೋನು ರಿಂಗಾಯಿತು. ಶಿವಯೋಗಿ! ಈ ಸಲ ಅವಳ ಬೆರಳು ತಡೆಯಲಿಲ್ಲ.

ಕರೆಂಟು ಆಗಷ್ಟೇ ಬಂದಿತ್ತು. ಮಗ್ಗಗಳೆಲ್ಲ ಒಟ್ಟಿಗೇ ಖಟಖಟ ಎನ್ನುತ್ತಿದ್ದವು. ಅವನು ಏನೋ ಉದ್ದಕ್ಕೆ ಹೇಳುತ್ತಿದ್ದ. ಅವಳ ಕಿವಿಗೆ ಬಿದ್ದದ್ದು ಬಾಲವಷ್ಟೇ.

"...ಆತೇನು?"

"ಆತು!" ಅವಳು ಒದರಿದಳು. "ಎಲ್ಲಾ ಆತು!"

"ಖರೆ?"

"ಖರೇನ! ಇನ್ನ ಆ ಮಾತು ತೆಗೀಬ್ಯಾಡ!"

ಆ ಕಡೆ ಫೋನು ಕಟ್ಟಾಯಿತು. ಗದ್ದಲಕ್ಕೆ ಇಟ್ಟನೇನೋ ಎಂದುಕೊಂಡಳು. ತಿರುಗಿ ಮಾಡಬೇಕಿತ್ತು. ಮಾಡಲಿಲ್ಲ. ಮಾಡಿದರೆ ರ‍್ಯಾಂಕಿನ ಮಾತು ಬರುತ್ತದಲ್ಲ...

ಮೊದಲ ಸುತ್ತಿನ ಸೀಟು ಗೊತ್ತಾದ ದಿನ ಖೈರುನಬಿ ಅವಳ ಕೈ ಹಿಡಿದು ಕೂರಿಸಿದಳು. "ಆ ಹುಡುಗ ಕಡೇ ಗಳಿಗ್ಯಾಗ ಹುಬ್ಬಳ್ಳಿ ತೆಗೆಸಿ ಕಲಬುರಗಿ ಹಾಕಿಸ್ಯಾನ. ನಿನಗ ಹೇಳಲಿಲ್ಲೇನು?"

ರೋಹಿಣಿ ಮುಖ ಮುಚ್ಚಿಕೊಂಡಳು. ಐವತ್ತೆಂಟರ ಹುಡುಗಿ ಬೆನ್ನು ಹತ್ತಿ ಬಂದಾಳೆಂದು ಅಷ್ಟು ದೂರ ಓಡಿದನಾ?

ಖೈರುನಬಿ ಅಂಗಡಿಯ ಬಾಗಿಲು ಅರ್ಧ ಮುಂದೆ ಮಾಡಿ, ಹುಡುಗಿ ಅತ್ತು ಮುಗಿಸುವವರೆಗೆ ಬಂದವರನ್ನು "ಸರ್ವರ್ ಇಲ್ರಿ, ಆಮ್ಯಾಲ ಬರ್ರಿ" ಎಂದು ಕಳಿಸುತ್ತಿದ್ದಳು.

ಕಡೆಯ ಸುತ್ತಿನಲ್ಲಿ, ಯಾರೋ ಬಿಟ್ಟುಹೋದ ಸೀಟೊಂದು ರೋಹಿಣಿಗೆ ಸಿಕ್ಕಿತು. ಹುಬ್ಬಳ್ಳಿಯಲ್ಲೇ! ಅಪ್ಪ ಓಣಿಗೆಲ್ಲ ಪೇಢೆ ಹಂಚಿದ. ಅವಳು ಮಾತ್ರ ತನ್ನ ಪಾಲನ್ನು ಓಣಿಯ ಮಗುವೊಂದಕ್ಕೆ ಕೊಟ್ಟಳು.

ಓದು ಮುಗಿದು ಅವಳು ಲಕ್ಷ್ಮೇಶ್ವರದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾದಳು. ಬಂದ ವರಗಳಿಗೆಲ್ಲ ಒಂದಲ್ಲ ಒಂದು ನೆವ ಹೇಳಿದಳು.

ಒಂದು ಶನಿವಾರ ಸಂಜೆ ಗದಗ ಬಸ್ ನಿಲ್ದಾಣದಲ್ಲಿ ಬಸ್ಸಿಳಿದವಳು ಹಾಗೆಯೇ ನಿಂತುಬಿಟ್ಟಳು. ಮುಂಡರಗಿ ಬಸ್ಸಿನಿಂದ ಇಳಿದವನು ಶಿವಯೋಗಿ! ಗಲ್ಲ ಒಳಕ್ಕೆ ಹೋಗಿತ್ತು. ಕಣ್ಣು ಮಾತ್ರ ಅವೇ.

"ಆರಾಮಿದ್ದೀಯೇನು?" ಅವನೇ ಮಾತಾಡಿಸಿದ.

"ಕಲಬುರಗಿ ಮಂದಿ ನಮ್ಮನ್ನೂ ಮಾತಾಡಸ್ತಾರಲ್ಲ! ಐವತ್ತೆಂಟರಾಕಿ ಜೋಡಿ ನಿಂತ್ರ ಸಣ್ಣಾವ ಆಗ್ತೀಯಲ್ಲೋ ಮಾರಾಯಾ?"

"ಏನಂತಿ ರೋಹಿಣಿ? ಬ್ಯಾಡಾಂದಾಕಿ ನೀನು!"

"ನಾನಾ? ಯಾವಾಗ?"

"ಫೋನ್ ಮಾಡಿದ್ನಲ್ಲಾ ಆ ದಿನ. 'ನನ್ನ ಜೋಡಿ ಮಾತು ಬಿಟ್ಟಿ, ನಮ್ಮಿಬ್ಬರದು ಇಲ್ಲಿಗೆ ಆತೇನು' ಅಂತ ಕೇಳಿದೆ. ಎಲ್ಲಾ ಆತು, ಇನ್ನ ಆ ಮಾತು ತೆಗೀಬ್ಯಾಡ ಅಂದಿ." ಅವನು ಬಸ್ಸಿನ ಕಡೆ ನೋಡುತ್ತ ಹೇಳಿದ. "ಕಣ್ಣ ಮುಂದ ತಿರುಗಾಡಿ ನಿನಗ್ಯಾಕ ಬ್ಯಾಸರ ಮಾಡ್ಲಿ ಅಂತ ಹುಬ್ಬಳ್ಳಿ ತೆಗೆಸಿದೆ."

ರೋಹಿಣಿ ಕಂಬಕ್ಕೆ ಒರಗಿದಳು. "ಶಿವಾ... ನಾ ಮಗ್ಗದ ಗದ್ದಲದಾಗ ನಿಂತಿದ್ದೆ. ಆಪ್ಷನ್ ಎಂಟ್ರಿ ಆತೇನು ಅಂತ ಕೇಳಿದಿ ಅಂದ್ಕೊಂಡೆ..."

ಒಂದು ಸಲ ತಿರುಗಿ ಕೇಳಿದ್ದರೆ ಸಾಕಿತ್ತು! ಅವಳನ್ನು ನಾಚಿಕೆ ತಡೆದಿತ್ತು, ಅವನನ್ನು ನೋವು. ಕೂಡಿ ಓದಬೇಕಾಗಿದ್ದ ವರ್ಷಗಳು ಹೀಗೆ ಒಂದು ಮಾತಿನ ಬಾಲಕ್ಕೆ ಸಿಕ್ಕಿ ಹೋಗಿದ್ದವು.

"ಅವ್ವ ಹೋದ್ಲು, ಹ್ವಾದ ಚಳಿಗಾಲದಾಗ." ಅವನು ನೆಲ ನೋಡುತ್ತ ಹೇಳಿದ. "ನಿನ್ನ ವಿಚಾರ ಆಕಿಗೆ ಒಬ್ಬಾಕಿಗೇ ಹೇಳಿದ್ದೆ. 'ನೇಕಾರರ ಹುಡುಗಿ ಆದ್ರೇನಪ್ಪಾ, ಒಮ್ಮೆ ಕರಕೊಂಡು ಬಾ, ಮುಖಾ ನೋಡ್ತೀನಿ' ಅಂತಿದ್ಲು. ಕಡೀತನಕಾ ಅಂತಿದ್ಲು. ನಾ ಬ್ಯಾರೆ ಹೆಣ್ಣು ನೋಡ್ಲೇ ಇಲ್ಲ."

ರೋಹಿಣಿಯ ಕಣ್ಣೀರು ಈಗ ತಡೆಯಲಿಲ್ಲ. ಸೀಟು ಸಿಗದಿದ್ದರೆ ಮತ್ತೊಂದು ವರ್ಷ ಬರುತ್ತಿತ್ತು. ತನ್ನ ಮುಖ ನೋಡಬೇಕೆಂದ ಆ ತಾಯಿಯನ್ನು ಯಾವ ವರ್ಷ ತಂದುಕೊಡುತ್ತದೆ?

ಅವನ ತೋಳು ಹಿಡಿದಳು. ಜನ ನೋಡಿದರೆ ನೋಡಲಿ!

"ಅವ್ವಗ ಯಾವ ಬಣ್ಣ ಸೇರತಿತ್ತು?"

"ಹಸರು. ಯಾಕ?"

"ನಾಳೆ ನಾ ಹೊಂಬಳಕ್ಕ ಬರ್ತೀನಿ. ಅವ್ವನ ಫೋಟೋದ ಮುಂದ ಬರಿಗೈಲೆ ಹ್ಯಾಂಗ ನಿಂದರ್ಲಿ? ಅಪ್ಪ ನೇಯ್ದದ್ದು ಒಂದು ಹಸರು ಸೀರಿ ತರ್ತೀನಿ."

ಅವನು ಅವಳನ್ನೇ ನೋಡಿದ. "ಯಾರಿಗೆ ಸೀರಿ ಅಂತ ಅಪ್ಪ ಕೇಳಿದ್ರ?"

"ನಮ್ಮ ಅತ್ತಿಯವರಿಗೆ ಅಂತೀನಿ."

ಶಿವಯೋಗಿ ಮುಖವನ್ನು ಆ ಕಡೆ ತಿರುಗಿಸಿ, ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. ಆಮೇಲೆ ಮೆಲ್ಲಗೆ ಹೇಳಿದ.

"ಸೀರಿ ದಡಿ ದೊಡ್ಡದಿರ್ಲಿ ರೋಹಿಣಿ... ದೊಡ್ಡ ದಡಿ ಅಂದ್ರ ಅವ್ವಗ ಜೀವ."