ನೇಪಾಳದ ಮುದ್ದೆ, ಹನಕೆರೆಯ ಮುನಿಸು

"ನಾಗೇಸ, ಆ ವಯ್ಯಂಗೆ ಯೋಳು, ಕಿಟ್ಕಿ ಮುಚ್ಚಕೆ. ಚಳಿ ಆಯ್ತದೆ," ಎಂದರು ನಯನಳ ತಾತ ಚಿಕ್ಕಬೋರಯ್ಯ.

ಆ ವಯ್ಯ ಅಂದರೆ ಶಿವರಾಮು. ಬಸ್ಸಿನಲ್ಲಿ ಕೂತಿದ್ದುದು ಮುಂದಿನ ಸೀಟಿನಲ್ಲೇ. ಕೈ ಚಾಚಿದರೆ ಜುಟ್ಟು ಸಿಗುತ್ತಿತ್ತು, ಜುಟ್ಟು ಇದ್ದಿದ್ದರೆ.

"ನಾಗೇಸ, ಆ ವಯ್ಯಂಗೆ ಯೋಳು, ಚಳಿ ಆದ್ರೆ ಟವಲ್ ಸುತ್ಕಳಕೆ," ಎಂದರು ಶಿವರಾಮು, ತಿರುಗಿಯೂ ನೋಡದೆ.

ಟೂರ್ ಮ್ಯಾನೇಜರ್ ನಾಗೇಶಣ್ಣ ಎರಡೂ ಕಡೆಗೆ ತಲೆಯಾಡಿಸಿದ. ಮಂಡ್ಯ ಬಿಟ್ಟು ನೇಪಾಳ ಮುಟ್ಟುವವರೆಗೂ ಅವನಿಗೆ ಇದೇ ಕೆಲಸವಾಗಿತ್ತು.

ಊರು ಹನಕೆರೆಯಲ್ಲಿ ಇಬ್ಬರದೂ ಅಕ್ಕಪಕ್ಕದ ಮನೆ. ಪಂಚಾಯ್ತಿ ಎಲೆಕ್ಷನ್ನಿನಲ್ಲಿ ತಾತನ ಕಡೆಯವರು ಸೋತರು. ಶಿವರಾಮು ಪಟಾಕಿ ಸರ ತಂದು ತಾತನ ಬಾಗಿಲಲ್ಲೇ ಹಚ್ಚಿದರು. ಎಲೆಕ್ಷನ್ನಿಗೆ ನಿಂತಿದ್ದವರೇ ಆಮೇಲೆ ಒಂದೇ ಕಾರಿನಲ್ಲಿ ಮದುವೆ ಊಟಕ್ಕೆ ಹೋಗಿ ಬಂದರು. ಇವರ ಮುನಿಸು ಮಾತ್ರ ಇಳಿಯಲಿಲ್ಲ. ಒಬ್ಬರಿಗೊಬ್ಬರು ತಿಳಿಯದೆ ಒಂದೇ ಟೂರಿಗೆ ದುಡ್ಡು ಕಟ್ಟಿಬಿಟ್ಟಿದ್ದರು. ಬರದಿದ್ದರೆ ಸೋತ ಹಾಗೆ ಅಂತ ಇಬ್ಬರೂ ಬಸ್ಸು ಹತ್ತಿದ್ದರು.

ಇದರಲ್ಲಿ ಕೆಟ್ಟದ್ದು ನಯನಳ ಪಾಡು. ಶಿವರಾಮು ಜೊತೆ ಬಂದಿದ್ದ ಮೊಮ್ಮಗಳು ಅಮೃತ ಅವಳ ಕ್ಲಾಸ್‌ಮೇಟ್, ಅವಳ ಬೆಂಚಿನವಳು. "ಆ ಮನೆ ಮಗಿನ ಜೊತೆ ಮಾತಾಡಿದ್ರೆ ನೋಡು!" ಎಂದು ತಾತ ಗದರಿದ್ದರು. ಹಿಮ ಹೊದ್ದ ಬೆಟ್ಟ ಕಂಡಾಗಲೂ ಅಮೃತಳಿಗೆ "ನೋಡೇ!" ಅನ್ನುವಂತಿರಲಿಲ್ಲ. ನಯನಳಿಗೆ ಅಳು ಬಂದಿತ್ತು.

ಸಂಜೆ ಒಂದು ಸಣ್ಣ ಪೇಟೆಯ ಲಾಡ್ಜಿನಲ್ಲಿ ಇಳಿದರು. ಮದ್ದೂರು ವಡೆಯ ಡಬ್ಬಗಳು ಗಡಿ ದಾಟುವ ಮೊದಲೇ ಖಾಲಿ. ರೊಟ್ಟಿ ತಿಂದು ತಿಂದು ಎಲ್ಲರ ನಾಲಿಗೆ ಸತ್ತುಹೋಗಿತ್ತು. ಲಾಡ್ಜಿನ ಒಡತಿ ಮಾಯಾ ದೀದಿ ತಟ್ಟೆಗೆ ಏನೋ ಕಪ್ಪಗಿನದು ಬಡಿಸಿದರು. ಬಿಸಿಬಿಸಿ ಹಬೆಯಾಡುತ್ತಿತ್ತು.

"ಇದಕ್ಕೆ ಢಿಡೊ ಅಂತಾರೆ. ರಾಗಿ ಹಿಟ್ಟಿಂದು," ಎಂದ ನಾಗೇಶಣ್ಣ.

ತಾತ ಒಂದು ತುತ್ತು ಮುರಿದು, ಸಾರಿಗೆ ಅದ್ದಿ, ಅಗಿಯದೆ ನುಂಗಿದರು. ಅವರ ಕಣ್ಣು ಒದ್ದೆಯಾಯಿತು. "ಮುದ್ದೆ ಕಣ್ರಪ್ಪಾ! ನಮ್ ಮುದ್ದೆ!"

"ನಾಗೇಸ, ಆ ವಮ್ಮಂಗೆ ಯೋಳು, ಇನ್ನೊಂದ್ ಇಕ್ಕಕೆ," ಎಂದರು ಆಚೆ ಟೇಬಲ್ಲಿನ ಶಿವರಾಮು.

ಆಗ ಎದುರಿನ ಸ್ಕೂಲಿನಿಂದ ಮೈಕು ಕೂಗಿತು. ಅಲ್ಲಿ ಓಟು ಎಣಿಸುತ್ತಿದ್ದರು. ಮಾಯಾ ದೀದಿಯೇ ಎಲೆಕ್ಷನ್ನಿಗೆ ನಿಂತಿದ್ದರು! ಆ ಪೇಟೆಯಲ್ಲಿ ಈವರೆಗೆ ಹೆಂಗಸರು ಯಾರೂ ಗೆದ್ದಿರಲಿಲ್ಲವಂತೆ.

"ಮತ್ತೆ ಇಲ್ಲಿ ಸೌಟು ಇಡ್ಕಂಡು ನಿಂತವ್ಳಲ್ಲೋ!" ಎಂದರು ತಾತ.

ನಾಗೇಶಣ್ಣ ಹಿಂದಿಯಲ್ಲಿ ಕೇಳಿ, ಕನ್ನಡದಲ್ಲಿ ಹೇಳಿದ. "ಎಣಿಸೋರು ಎಣಿಸ್ತಾರೆ, ಬಡಿಸೋರು ಬಡಿಸ್ಬೇಕಲ್ಲ ಅಂತಾವ್ರೆ."

ಸಾಕು, ಮಂಡ್ಯದವರಿಗೆ ಮತ್ತೇನು ಬೇಕು? ಊಟ ಮುಗಿಯುವಷ್ಟರಲ್ಲಿ ಇಬ್ಬರು ತಾತಂದಿರೂ ಮಾಯಾ ದೀದಿಯ ಏಜೆಂಟರಾಗಿದ್ದರು. ಮೈಕಿನ ಮಾತು ಒಂದಕ್ಷರವೂ ತಿಳಿಯದಿದ್ದರೂ ಒಬ್ಬರು ಕಿಟಕಿಗೆ, ಒಬ್ಬರು ಬಾಗಿಲಿಗೆ ಓಡಿದರು.

"ನಾಗೇಸ, ಮುಂದವ್ಳಾ ಇಂದವ್ಳಾ?"

"ಹಿಂದೆ... ಇಲ್ಲ ಇಲ್ಲ, ಈಗ ಮುಂದೆ... ಗೆದ್ರು! ಮಾಯಾ ದೀದಿ ಗೆದ್ರು!"

ಬೀದಿಯೆಲ್ಲ ಹೋ ಎಂದು ಕೂಗಿತು. ಯಾರೋ ಬಂದು ಎಲ್ಲರ ಮುಖಕ್ಕೂ ಕೆಂಪು ಪುಡಿ ಬಳಿದರು. ತಾತ ಟವಲ್ ತಿರುಗಿಸುತ್ತಾ ಕುಣಿದರು. ಶಿವರಾಮು ಸೀಟಿ ಹೊಡೆದರು. ಕುಣಿಯುತ್ತ ಕುಣಿಯುತ್ತ ಇಬ್ಬರೂ ತಬ್ಬಿಕೊಂಡೇಬಿಟ್ಟರು. ಯಾರನ್ನು ತಬ್ಬಿದ್ದೇವೆಂದು ಗೊತ್ತಾದ ಕೂಡಲೇ ಬೆಂಕಿ ಮುಟ್ಟಿದವರಂತೆ ದೂರ ಸರಿದರು.

ಅಷ್ಟರಲ್ಲಿ ಒಬ್ಬ ಹುಡುಗ ಪಟಾಕಿ ಸರ ತಂದ. ಶಿವರಾಮು ಬಿಟ್ಟಾರೆಯೇ? ಕಿತ್ತುಕೊಂಡು ಅಲ್ಲೇ ಹಾಸಿ ಬೆಂಕಿಪೊಟ್ಟಣ ತೆಗೆದರು. ಮಾಯಾ ದೀದಿ ಓಡಿಬಂದು ಅವರ ಕೈ ಹಿಡಿದು, ಪಕ್ಕದ ಮನೆ ತೋರಿಸಿ ಏನೋ ಹೇಳಿದರು.

"ಸೋತೋರ ಮನೆ ಅದೇ ಅಂತೆ," ಎಂದ ನಾಗೇಶಣ್ಣ. "ಅವ್ರ ಬಾಗ್ಲಲ್ಲಿ ಬ್ಯಾಡ, ಮೈದಾನಕ್ಕೆ ತಗೊಂಡೋಗಿ ಅಂತಾವ್ರೆ."

ಶಿವರಾಮು ಹಾಗೇ ನಿಂತರು. ತಾತನ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದರು. ಪಟಾಕಿ ಸರವನ್ನು ಸದ್ದಿಲ್ಲದೆ ಸುತ್ತಿ ಹುಡುಗನ ಕೈಗೆ ಕೊಟ್ಟರು. ತಾತ ಟವಲಿನಿಂದ ಮುಖ ಒರೆಸಿಕೊಂಡರು, ತುಂಬಾ ಹೊತ್ತು.

ಬೆಳಿಗ್ಗೆ ಬಸ್ಸು ಹೊರಟಾಗ ನಾಗೇಶಣ್ಣ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಕಿಟಕಿಯಿಂದ ತಣ್ಣನೆ ಗಾಳಿ ನುಗ್ಗಿತು. ಯಾರೂ ಹೇಳದೆಯೇ ಶಿವರಾಮು ಎದ್ದು ಕಿಟಕಿ ಎಳೆದರು.

"ಲೇ ಶಿವರಾಮು, ಪೂರ್ತಿ ಮುಚ್ಬ್ಯಾಡ ಕಣ್ಲಾ. ಒಸಿ ಗಾಳಿ ಬರ್ಲಿ ಬುಡು," ಎಂದರು ತಾತ.

"ಮುಚ್ಚುದ್ರೂ ತಪ್ಪು, ಮುಚ್ದೆ ಇದ್ರೂ ತಪ್ಪು ಕಣ್ಲಾ ನಿಂಗೆ!"

ಅಮೃತ ಕಣ್ಣರಳಿಸಿದಳು. ತಾತಂದಿರು ಮಾತಾಡಿದ ಸುದ್ದಿ ಹೇಳಲು ನಾಗೇಶಣ್ಣನ ಭುಜ ಅಲುಗಿಸಹೊರಟಳು. ನಯನ ಓಡಿಹೋಗಿ ಅವಳ ಕೈ ಹಿಡಿದಳು.

"ಎಬ್ಬಿಸ್ಬ್ಯಾಡ ಕಣೇ," ಎಂದಳು ಮೆಲ್ಲಗೆ. "ಮಲಗ್ಲಿ ಬುಡು."

ಅಮೃತ ಪಕ್ಕಕ್ಕೆ ಸರಿದು ಜಾಗ ಕೊಟ್ಟಳು.