ಮಾಗಿಯಲ್ಲಿ ಕಾಯಿ ಬಿಟ್ಟ ಮಾವು

ಬಹಳ ಹಿಂದೆ, ನಮ್ಮ ಮುತ್ತಜ್ಜಂದಿರ ಮುತ್ತಜ್ಜಂದಿರು ಇನ್ನೂ ತೊಟ್ಟಿಲು ಕಾಣದಿದ್ದ ಕಾಲದಲ್ಲಿ, ಕುಂದಲಗಿರಿ ಎಂಬ ಒಂದು ರಾಜ್ಯವಿತ್ತು. ಆ ರಾಜ್ಯದ ಮೂಡಣ ಗಡಿಯಲ್ಲಿ, ಕೆಮ್ಮಣ್ಣಿನ ದಿಬ್ಬದ ಮೇಲೆ, ಒಂದೇ ಒಂದು ಮನೆ. ಸುತ್ತ ರಾಗಿ ಹೊಲ, ಬದುವಿನುದ್ದಕ್ಕೂ ಅವರೆ, ಹಿತ್ತಲಲ್ಲಿ ಒಂದು ಮಾವಿನಮರ, ಕೊಟ್ಟಿಗೆಯಲ್ಲಿ ಒಂದು ಗಬ್ಬದ ಹಸು. ಜನ ಅದನ್ನು ಒಂಟಿಮನೆ ಎನ್ನುತ್ತಿದ್ದರು.

ನೋಡುವುದಕ್ಕೆ ಬಡಮನೆ. ಆದರೆ ರಾಜ್ಯದ ಕಾಲಗಳೆಲ್ಲ ಹುಟ್ಟುತ್ತಿದ್ದುದು ಆ ಮನೆಯ ಒಲೆಯಲ್ಲಿ. ಮೊದಲ ಹದಮಳೆಗೆ ಎದ್ದ ಬೆರಕೆಸೊಪ್ಪು ಆ ಒಲೆಯ ಮೇಲೆ ಬೆಂದರೆ ಮಳೆಗಾಲ ಶುರು. ಇಬ್ಬನಿ ಕುಡಿದ ಅವರೆಕಾಯಿ ಬೆಂದರೆ ಮಾಗಿಯ ಚಳಿ ಶುರು. ಎಳೆ ಮಾವಿನಕಾಯಿಯ ಗೊಜ್ಜು ಕುದಿದರೆ ಬೇಸಿಗೆ. ಅರಮನೆಯ ಜೋಯಿಸರು ಏನೇ ಗುಣಿಸಿ ಭಾಗಿಸಲಿ, ಒಂಟಿಮನೆಯ ಹೊಗೆ ಏಳುವವರೆಗೆ ಆ ರಾಜ್ಯದಲ್ಲಿ ಗಾಳಿ ತಿರುಗುತ್ತಿರಲಿಲ್ಲ. ಆ ಒಲೆಯ ಕೆಂಡ ಎಂದೂ ಆರಿದ್ದಿಲ್ಲ. ಅಡುಗೆ ಮುಗಿದ ಮೇಲೆ ಮನೆಯ ಹಿರಿಯಳು ಅದಕ್ಕೆ ಬೂದಿ ಮುಚ್ಚುವಳು, ಬೆಳಗ್ಗೆ ಬೂದಿ ಸರಿಸಿ ಊದುವಳು. ಆ ಮನೆಯವರಿಗೆ ಬೇರೆ ವ್ರತವಿರಲಿಲ್ಲ.

ಆ ಮನೆಯಲ್ಲಿ ಮೂವರಿದ್ದರು. ಬೀರಣ್ಣ, ಅವನ ಹೆಂಡತಿ ಹೊನ್ನಾಜಿ, ಅವನನ್ನು ಸಾಕಿ ಬೆಳೆಸಿದ ಅಜ್ಜಿ ಸಿದ್ದವ್ವ. ಸಿದ್ದವ್ವ ಪ್ರತಿ ಬೇಸಿಗೆಯಲ್ಲೂ ಮಾವಿನಕಾಯಿಯನ್ನು ಉಪ್ಪುನೀರಿಗೆ ಹಾಕಿ ದೊಡ್ಡದೊಂದು ಜಾಡಿಯಲ್ಲಿ ತುಂಬಿಡುವಳು. ಆ ಜಾಡಿಗೆ ಒಂದು ಕಟ್ಟಳೆಯಿತ್ತು. ತಳ ಬರಿದು ಮಾಡಬಾರದು, ಒಂದಾದರೂ ಹಳೆಯ ಕಾಯಿ ಉಳಿಯಬೇಕು, ಹೊಸ ಕಾಯಿ ಅದರ ಮೇಲೆಯೇ ಬೀಳಬೇಕು. ಮನೆಯ ಹಿರಿಯಳು ತೀರಿಕೊಂಡಾಗ ಮಾತ್ರ ಜಾಡಿ ತೊಳೆದು, ಬಿಸಿಲಿಗೆ ಬೋರಲು ಹಾಕುವುದು.

ಒಂದು ಮಾಗಿಯಲ್ಲಿ ಹೊನ್ನಾಜಿ ತುಂಬು ಬಸುರಿ. ಬೇಸಿಗೆ ಹುಟ್ಟುವ ಹೊತ್ತಿಗೆ ಮಗು ಬರಬೇಕು. ಅದೇ ಮಾಗಿಯಲ್ಲಿ ಸಿದ್ದವ್ವ ಹಾಸಿಗೆ ಹಿಡಿದಳು. ಈ ಚಳಿ ದಾಟುವ ಜೀವವಲ್ಲ ಎಂದು ನಾಡಿ ಹಿಡಿದವರು ಹೇಳಿ ಹೋದರು.

ಹೊನ್ನಾಜಿಗೆ ಬಯಕೆ ಹುಟ್ಟಿತು. ಬಯಕೆಗೆ ಹೊತ್ತುಗೊತ್ತು ಇದೆಯೇ? ಮರದಿಂದ ಆಗತಾನೆ ಕಿತ್ತ, ತೊಟ್ಟಿನಲ್ಲಿ ಸೊನೆ ಸುರಿಯುವ ಮಾವಿನಕಾಯಿಯೇ ಬೇಕೆಂದು ಅವಳು ಕಣ್ಣಲ್ಲಿ ನೀರು ತಂದುಕೊಂಡಳು. ಮಾಗಿಯಲ್ಲಿ ಎಲ್ಲಿಯ ಮಾವಿನಕಾಯಿ? ಬಯಕೆ ತೀರದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ ಎಂಬ ಮಾತು ಆ ಸೀಮೆಯಲ್ಲೆಲ್ಲ ಇತ್ತು. ಬೀರಣ್ಣನಿಗೆ ಊಟ ಸೇರದಾಯಿತು.

ಸಿದ್ದವ್ವ ಮಲಗಿದಲ್ಲಿಂದಲೇ ಹೇಳಿದಳು: "ಲೇ ಬೀರ, ಹೋದ ಬ್ಯಾಸ್ಗೆ ಜಾಡೀಲಿ ಕೂತೈತೆ ಕಣ್ಲಾ. ಅದ್ರಲ್ಲೊಂದು ಕಾಯಿ ತೆಗ್ದು ಕೊಡು. ಹೊಟ್ಟೇಲಿರೋದು ಹುಳಿ ಕೇಳ್ತದೆ, ಮರ ಕೇಳಾಕಿಲ್ಲ."

"ಹಸಿ ಕಾಯೇ ಬೇಕಂತಾಳೆ ಅಜ್ಜಿ. ಕಿವಿ ಸೋರಿದ್ರೆ?"

"ಸೋರಿದ್ರೆ ಹತ್ತಿ ಇಟ್ಕೊಂಡ್ರಾಯ್ತು. ಕಾಲ ಬರೋಗಂಟ ಕಾಯದು ಕಲೀರಿ."

ಬೀರಣ್ಣ ಕೇಳಲಿಲ್ಲ. ಪ್ರೀತಿ ಇದ್ದ ಕಡೆ ಬುದ್ಧಿಗೆ ಜಾಗ ಕಡಿಮೆ. ಅವನು ಕರಿಬೆಟ್ಟಕ್ಕೆ ನಡೆದ. ಅಲ್ಲಿ ನಿಲುಗಾಲನೆಂಬ ಮಾಂತ್ರಿಕನಿದ್ದ. ಅವನ ಕೂದಲು ನೆಲ ಮುಟ್ಟುತ್ತಿತ್ತು, ಬೆರಳುಗಳು ಒಣಗಿದ ಹುಣಸೆಕಾಯಿಯಂತಿದ್ದವು.

"ಮಾವಿನಕಾಯಿ ತಾನೆ? ನಿನ್ನ ಮರದಲ್ಲೇ ಬಿಡಿಸುತ್ತೇನೆ" ಎಂದ ನಿಲುಗಾಲ. "ನಿನ್ನ ಒಲೆಯ ಕೆಂಡವನ್ನು ನನಗೆ ತಂದುಕೊಡು. ನಿಮಗೆ ಚಕಮಕಿ ಕಲ್ಲಿದೆ, ಬೇರೆ ಬೆಂಕಿ ಹೊತ್ತಿಸಿಕೊಳ್ಳಿ. ಬೆಂಕಿ ಬೆಂಕಿಯೇ ಅಲ್ಲವೇ?"

ಬೀರಣ್ಣನಿಗೂ ಬೆಂಕಿ ಬೆಂಕಿಯೇ ಅನಿಸಿತು. ಅಜ್ಜಿಗೆ ಜೊಂಪು ಹತ್ತಿದ್ದಾಗ ಬೂದಿ ಸರಿಸಿ, ಕೆಂಡವನ್ನು ಕುಡಿಕೆಯಲ್ಲಿ ಹಾಕಿಕೊಂಡು ಹೋಗಿ ಕೊಟ್ಟುಬಿಟ್ಟ. ಹಿಂತಿರುಗಿ ಬರುವಷ್ಟರಲ್ಲಿ ಹಿತ್ತಲ ಮಾವು ಕೊಂಬೆ ಬಾಗುವಷ್ಟು ಕಾಯಿ ಬಿಟ್ಟಿತ್ತು. ಹೊನ್ನಾಜಿ ಉಪ್ಪು ಖಾರ ಹಚ್ಚಿ ತಿಂದಳು. ಉಳಿದದ್ದನ್ನು ಕೆಳಗಿಟ್ಟಳು.

"ಹುಳಿ ಐತೆ ಕಣ್ರೀ. ಆದ್ರೆ ಬಾಯಲ್ಲಿ ನೀರೇ ಊರ್ನಿಲ್ಲ" ಎಂದಳು.

ಆ ದಿನದಿಂದ ಕುಂದಲಗಿರಿಯಲ್ಲಿ ಕಾಲ ನಿಂತಿತು. ಅವರೆಯ ಪಕ್ಕದಲ್ಲಿ ಸೌತೆ, ಸೌತೆಯ ಪಕ್ಕದಲ್ಲಿ ಹಲಸು, ಎಲ್ಲವೂ ಎಲ್ಲ ದಿನವೂ ಕೈಗೆ ಸಿಕ್ಕವು. ಜನ ಕುಣಿದಾಡಿದರು. ಸಂಡಿಗೆ ಹಾಕುವ ಚಾಪೆಗಳನ್ನು ಸುರುಳಿ ಸುತ್ತಿ ಅಟ್ಟಕ್ಕೆಸೆದರು, ಬಿತ್ತನೆಯ ಬೀಜವನ್ನು ಹುರಿದು ತಿಂದರು. ರಾಜನಂತೂ ಒಂದೇ ಎಲೆಯಲ್ಲಿ ಮಾವಿನಹಣ್ಣಿನ ರಸಾಯನವನ್ನೂ ಅವರೆಕಾಳಿನ ಸಾರನ್ನೂ ಉಂಡು, ನಿಲುಗಾಲನಿಗೆ ಬೆಟ್ಟವನ್ನೇ ಉಂಬಳಿ ಬಿಟ್ಟ. ಅವರೆಗೆ ಸೊಗಡಿಲ್ಲ, ಹಣ್ಣಿಗೆ ಘಮಲಿಲ್ಲ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಪುಕ್ಕಟೆ ಸಿಕ್ಕಿದ್ದಕ್ಕೆ ಯಾರು ಕುಂದು ಹೇಳುತ್ತಾರೆ?

ಮೊದಲು ತಿಳಿದದ್ದು ಹೊನ್ನಾಜಿಗೆ. ಸಂಜೆ ಹೆಪ್ಪು ಹಾಕಿದ ಹಾಲು ಬೆಳಗ್ಗೆಯೂ ಹಾಲಾಗಿಯೇ ಇತ್ತು. ಕಾವಿಗೆ ಕೂತ ಕೋಳಿ ಏಳಲೇ ಇಲ್ಲ. ಗಬ್ಬದ ಹಸು ಕರು ಹಾಕಲಿಲ್ಲ. ಚಂದ್ರ ಬೆಳೆದ, ಕರಗಿದ, ಮತ್ತೆ ಬೆಳೆದ. ಹೊನ್ನಾಜಿಯ ದಿನ ತುಂಬಿ, ದಿನ ಮೀರಿ, ಮೀರಿದ್ದೂ ಹಳತಾಯಿತು. ಹೊಟ್ಟೆಯಲ್ಲಿ ಒದೆಯುತ್ತಿದ್ದ ಮಗು ಒದೆಯುವುದನ್ನು ನಿಲ್ಲಿಸಿತು.

ಸೂಲಗಿತ್ತಿ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿದಳು. "ಸತ್ತಿಲ್ಲ ಕಣವ್ವಾ. ಬದುಕಿಯೂ ಇಲ್ಲ. ಬಾಗ್ಲಲ್ಲಿ ನಿಂತದೆ" ಎಂದಳು.

ಹೊನ್ನಾಜಿ ಗಂಡನ ಕೈಹಿಡಿದು ಅತ್ತಳು. "ನಂಗೆ ಮಾವಿನಕಾಯಿ ಬ್ಯಾಡಿತ್ತು. ನನ್ನ ಕೂಸು ಬೇಕು. ಆ ಕೆಂಡ ತಂದ್ಬುಡಿ" ಎಂದಳು. ತಾನು ಮಾಡಿದ್ದೇನೆಂದು ಬೀರಣ್ಣನಿಗೆ ಆಗ ಅರ್ಥವಾಯಿತು. ಅವನು ಅಜ್ಜಿಯ ಬಳಿ ಕೂತು ಕೆಂಡ ಕೊಟ್ಟುಬಂದದ್ದನ್ನು ಹೇಳಿಕೊಂಡ.

ಸಿದ್ದವ್ವನ ಮೈ ಕೆಟ್ಟೂ ಇರಲಿಲ್ಲ, ಸುಧಾರಿಸಿಯೂ ಇರಲಿಲ್ಲ. ಅಂದು ಎಷ್ಟು ಉಸಿರಿತ್ತೋ ಅಷ್ಟೇ. ಅವಳು ಗೋಡೆ ಹಿಡಿದು ಎದ್ದಳು. ಬೇಡವೆಂದರೂ ಕೇಳದೆ ಅಡುಗೆಮನೆಗೆ ಹೋಗಿ ಮೂರು ಗಂಟು ಕಟ್ಟಿದಳು. ಒಂದರಲ್ಲಿ ಒಣಗಿಸಿದ ಬೆರಕೆಸೊಪ್ಪು, ಒಂದರಲ್ಲಿ ಹಿಂದಿನ ಮಾಗಿಯ ಒಣ ಅವರೆಕಾಳು, ಇನ್ನೊಂದರಲ್ಲಿ ಉಪ್ಪುನೀರಿನ ಒಂದು ಮಾವಿನಕಾಯಿ.

"ಕಾಲಗಳ್ನ ಮೃಗ ಮಾಡಿ ಬೆಟ್ಟದ ಬಾಗ್ಲಿಗೆ ಕಟ್ಟಾಕವ್ನಂತೆ ಆ ಪಾಪಿ. ಕಟ್ಟಾಕಿದ್ಮ್ಯಾಲೆ ಹಸ್ದಿರ್ತವೆ. ಹಸ್ದೋರಿಗೆ ಅವ್ರ ತಾವ ಇರೋದ್ನೇ ಬಡುಸ್ಬ್ಯಾಡ ಮಗಾ. ಅವ್ರು ಯಾವ್ದುಕ್ಕೆ ದಾರಿ ಕಾಯ್ತಾವ್ರೋ ಅದ್ನ ಬಡ್ಸು."

ಬೀರಣ್ಣ ಅಂಗಳಕ್ಕೆ ಬಂದಾಗ ಜಾಡಿ ಬಿಸಿಲಲ್ಲಿ ಬೋರಲು ಬಿದ್ದಿತ್ತು. "ಇದ್ಯಾಕಜ್ಜಿ?" ಎಂದ.

"ವಾಸ್ನೆ ಹಿಡ್ದಿತ್ತು, ತೊಳ್ದೆ. ನೀನು ನಡಿ, ಹೊತ್ತಾಯ್ತದೆ" ಎಂದಳು ಸಿದ್ದವ್ವ. ಅವಸರದಲ್ಲಿ ಅವನು ಹೊರಟುಬಿಟ್ಟ.

ಕರಿಬೆಟ್ಟದ ಮೊದಲ ಬಾಗಿಲಲ್ಲಿ ಸುಡುವ ಮರಳು. ಅದರ ಮೇಲೆ ಸರಪಳಿ ಬಿಗಿದ ಒಂದು ಹುಲಿ, ಅದೇ ಬೇಸಿಗೆ. ಅದರ ನಾಲಗೆ ಬಿರುಕು ಬಿಟ್ಟಿತ್ತು.

"ಉಣ್ಣಲು ಏನು ತಂದೆ?" ಎಂದಿತು ಹುಲಿ.

ಗಾಬರಿಯಲ್ಲಿ ಬೀರಣ್ಣ ಅಜ್ಜಿಯ ಮಾತು ಮರೆತ. ಬೇಸಿಗೆಗೆ ಮಾವಲ್ಲದೆ ಇನ್ನೇನು ಎಂದುಕೊಂಡು ಮಾವಿನಕಾಯಿಯನ್ನು ಮುಂದಿಟ್ಟ. ಹುಲಿ ಮೂಸಿ ನೋಡಿ ಗರ್ಜಿಸಿತು. "ಮಾವಿನಲ್ಲೇ ಬೇಯುತ್ತಿರುವವನಿಗೆ ಮಾವೇ?" ಎಂದು ಕಾಯಿಯನ್ನು ಪಂಜದಿಂದ ಅಪ್ಪಳಿಸಿತು. ಅದು ಸುಡುಮರಳಿಗೆ ಬಿದ್ದು ಕರಕಾಯಿತು. ಇನ್ನೊಂದು ಪಂಜ ಬೀರಣ್ಣನ ಹೆಗಲನ್ನು ಸೀಳಿತು.

ರಕ್ತ ಸುರಿಯುವಾಗ ಅವನಿಗೆ ಅಜ್ಜಿಯ ಮಾತು ನೆನಪಾಯಿತು. ಬೇಸಿಗೆಯ ನೆಲ ಯಾವುದರ ದಾರಿ ಕಾಯುತ್ತದೆ? ಅವನು ಬೆರಕೆಸೊಪ್ಪಿನ ಗಂಟು ಬಿಚ್ಚಿ ಅಂಗೈಯಲ್ಲಿ ಹಿಡಿದ. ಹುಲಿ ಅದನ್ನು ನೆಕ್ಕಿತು. ಹದಮಳೆಯ ಮಣ್ಣಿನ ವಾಸನೆ ಅದರ ಮೂಗಿಗೆ ಬಡಿಯಿತು, ಸರಪಳಿ ಕಳಚಿ ಬಿತ್ತು. ಹುಲಿಯ ಕಣ್ಣಿಂದ ನೀರು ಸುರಿಯಿತು, ಬಾಗಿಲು ತೆರೆಯಿತು.

ಎರಡನೆಯ ಬಾಗಿಲಲ್ಲಿ ಕೆಂಪು ಹೊಳೆ ಉಕ್ಕುತ್ತಿತ್ತು. ಅದರೊಳಗೆ ಮೊಸಳೆಯಾಗಿ ಮಳೆಗಾಲ ಬಿದ್ದಿತ್ತು. ನೆನೆದೂ ನೆನೆದೂ ಅದರ ಚರ್ಮ ಕೊಳೆಯುತ್ತಿತ್ತು. ಈ ಸಲ ಬೀರಣ್ಣ ತಪ್ಪಲಿಲ್ಲ. ಅವರೆಕಾಳನ್ನು ಅದರ ಬಾಯಿಗೆ ಸುರಿದ. ಅದು ಕಣ್ಣು ಮುಚ್ಚಿ, "ಇಬ್ಬನಿ ಬಿತ್ತು, ಇನ್ನು ಹೊಳೆ ಇಳಿಯಬಹುದು" ಎಂದಿತು. ಹೊಳೆ ಇಳಿಯಿತು.

ಮೂರನೆಯ ಬಾಗಿಲಲ್ಲಿ ಮಂಜಿನ ನಡುವೆ ಒಂದು ಕರಡಿ ನಡುಗುತ್ತಾ ಕೂತಿತ್ತು. ಅದೇ ಮಾಗಿ. ಅದು ದಾರಿ ಕಾಯುತ್ತಿದ್ದುದು ಬೇಸಿಗೆಯನ್ನು. ಮಾವಿನಕಾಯಿ ಎಲ್ಲಿದೆ? ಬೀರಣ್ಣನ ಕೈಯಲ್ಲಿದ್ದುದು ಕಾಯಿ ಕಟ್ಟಿದ್ದ ಒದ್ದೆ ಬಟ್ಟೆ ಮಾತ್ರ.

"ನನ್ನ ತಪ್ಪಿಗೆ ಕಾಯಿ ಸುಟ್ಟುಹೋಯ್ತು. ಇಷ್ಟೇ ಉಳ್ದದೆ, ತಗೋ" ಎಂದು ಅವನು ಅಳುತ್ತಾ ಆ ಬಟ್ಟೆಯನ್ನು ಹಿಂಡಿದ. ಉಪ್ಪುನೀರಿನ ಹನಿಗಳು ಕರಡಿಯ ನಾಲಗೆಗೆ ಬಿದ್ದವು. ಅದರ ಬಾಯಲ್ಲಿ ನೀರೂರಿತು. ಕಾಲ ನಿಂತ ಮೇಲೆ ಆ ರಾಜ್ಯದಲ್ಲಿ ನೀರೂರಿದ ಮೊದಲ ಬಾಯಿ ಅದು. ಕರಡಿ ಎದ್ದು ದಾರಿ ಬಿಟ್ಟಿತು.

ಒಳಗೆ ನಿಲುಗಾಲ ಕೆಂಡದ ಕುಡಿಕೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅವನು ಹೋರಾಡಲಿಲ್ಲ, ಮಂತ್ರ ಹಾಕಲಿಲ್ಲ. ಕುಡಿಕೆಯನ್ನು ಮುಂದೆ ಚಾಚಿದ.

"ತೆಗೆದುಕೊಂಡು ಹೋಗು. ನಾನು ಸಾವಿಗೆ ಹೆದರಿ ಕಾಲವನ್ನು ಕಟ್ಟಿದವನು. ಆದರೆ ನನ್ನಿಂದ ಉಳಿದ ಜೀವ ನನ್ನದೊಂದೇ ಅಲ್ಲ. ನಿನ್ನ ಅಜ್ಜಿಯ ಉಸಿರು ಎಂದೋ ಮುಗಿಯಬೇಕಿತ್ತು. ಈ ಕೆಂಡ ನಿನ್ನ ಒಲೆ ಸೇರಿದರೆ ಕಾಲ ನಡೆಯುತ್ತದೆ, ಅವಳು ಹೋಗುತ್ತಾಳೆ. ನಿನ್ನನ್ನು ಎತ್ತಿ ಬೆಳೆಸಿದ ಕೈಯನ್ನು ನೀನೇ ಸುಡುತ್ತೀಯಾ?"

ಕುಡಿಕೆಗೆಂದು ಚಾಚಿದ ಬೀರಣ್ಣನ ಕೈ ಅಲ್ಲೇ ನಿಂತಿತು. ಒಂದು ಕಡೆ ಹುಟ್ಟದ ಮಗು, ಇನ್ನೊಂದು ಕಡೆ ತುತ್ತಿಟ್ಟ ಅಜ್ಜಿ. ಇಂಥ ತಕ್ಕಡಿಯನ್ನು ದೇವರು ಯಾರ ಕೈಗೂ ಕೊಡಬಾರದು.

ಆಗ ಅವನ ಕಣ್ಣಿಗೆ ಕಟ್ಟಿದ್ದು ಬಿಸಿಲಲ್ಲಿ ಬೋರಲು ಬಿದ್ದಿದ್ದ ಜಾಡಿ. ತಳ ಬರಿದು ಮಾಡಬಾರದೆಂದು ಜೀವಮಾನವೆಲ್ಲ ಹೇಳಿದವಳು ಕೊನೆಯ ಕಾಯಿಯನ್ನೂ ತೆಗೆದು ಅವನಿಗೆ ಕಟ್ಟಿಕೊಟ್ಟಿದ್ದಳು. ಮನೆಯ ಹಿರಿಯಳು ತೀರಿಕೊಂಡಾಗ ಮಾತ್ರ ತೊಳೆಯುವ ಜಾಡಿಯನ್ನು, ಗೋಡೆ ಹಿಡಿದು ಎದ್ದು, ತಾನೇ ತೊಳೆದಿದ್ದಳು. ಅವಳಿಗೆ ಎಲ್ಲವೂ ಗೊತ್ತಿತ್ತು. ಗೊತ್ತಿದ್ದೇ ಅವನನ್ನು ಕಳಿಸಿದ್ದಳು.

ಬೀರಣ್ಣ ಕಣ್ಣೊರೆಸಿಕೊಂಡ. "ನನ್ನಜ್ಜಿ ತನ್ನ ಜಾಡಿ ತಾನೇ ತೊಳ್ದಿಟ್ಟವ್ಳೆ. ನಿಂಗೆ ಅಷ್ಟೂ ಧೈರ್ಯ ಇಲ್ದೋಯ್ತಲ್ಲಾ ಸ್ವಾಮಿ" ಎಂದು ಹೇಳಿ ಕುಡಿಕೆಯನ್ನು ಎತ್ತಿಕೊಂಡ.

ಕುಡಿಕೆ ಕೈ ಬಿಟ್ಟದ್ದೇ ತಡ, ನಿಲುಗಾಲನ ಮೈ ಬೂದಿಯಾಗಿ ಉದುರಿತು. ಬೀರಣ್ಣ ಆ ಬೂದಿಯಿಂದ ಒಂದು ಬೊಗಸೆ ತೆಗೆದು ಕೆಂಡದ ಮೇಲೆ ಮುಚ್ಚಿದ. ಬೂದಿಯಿಲ್ಲದೆ ಕೆಂಡ ದೂರ ಬಾಳುವುದಿಲ್ಲ. ಕಾಲವನ್ನು ಕಟ್ಟಿದವನ ಬೂದಿಯೇ ದಾರಿಯುದ್ದಕ್ಕೂ ಅದನ್ನು ಕಾಯಿತು.

ಅವನು ಮನೆ ಮುಟ್ಟುವಾಗ ಸಂಜೆ. ಕೆಂಡ ಒಲೆಗೆ ಬಿದ್ದದ್ದೇ ಹಿತ್ತಲ ಮಾವು ಹೊತ್ತಲ್ಲದ ಹೊತ್ತಿನ ಕಾಯಿಯನ್ನೆಲ್ಲ ದಬದಬನೆ ಉದುರಿಸಿತು. ಹೊಲದ ಮೇಲೆ ಇಬ್ಬನಿ ಇಳಿಯಿತು. ಬೀರಣ್ಣ ಬದುವಿನ ಅವರೆಕಾಯಿ ಕಿತ್ತು ತಂದ, ಹೊನ್ನಾಜಿ ಬಿಡಿಸಿ ಬೇಯಿಸಿದಳು. ಸೊಗಡು ಮನೆಯೆಲ್ಲ ತುಂಬಿತು.

ಬೀರಣ್ಣ ಅಜ್ಜಿಯ ಕಾಲ ಬಳಿ ಕೂತು ಮುಖ ಮುಚ್ಚಿಕೊಂಡ. ಸಿದ್ದವ್ವ ಅವನ ಗಾಯದ ಹೆಗಲನ್ನು ಸವರಿದಳು.

"ಅಳ್ಬ್ಯಾಡ ಕಣ್ಲಾ. ಹಣ್ಣೆಲೆ ಉದುರ್ದೆ ಇದ್ರೆ ಚಿಗುರು ಎಲ್ಲಿ ಕೂರ್ತದೆ? ಒಂದು ಮುದ್ದೆ ತತ್ತಾ. ಸೊಗಡಿನ ಸಾರು ಉಂಡು ಎಷ್ಟು ದಿನ ಆಯ್ತು."

ಅವಳು ಸಾರಿನಲ್ಲಿ ಮುದ್ದೆ ಅದ್ದಿ ನಿಧಾನವಾಗಿ ಉಂಡಳು. ಬೆರಳು ನೆಕ್ಕಿದಳು. ಆಗಲೇ ಹೊನ್ನಾಜಿ ಹೊಟ್ಟೆ ಹಿಡಿದುಕೊಂಡು ಕೂಗಿದಳು, ಮಗು ಒದ್ದಿತ್ತು. ಬೆಳಗಾಗುವ ಹೊತ್ತಿಗೆ ಒಳಮನೆಯಿಂದ ಹಸುಗೂಸಿನ ಅಳು ಕೇಳಿತು. ಸೂಲಗಿತ್ತಿ ಕೂಸನ್ನು ತಂದು ಸಿದ್ದವ್ವನ ಪಕ್ಕದಲ್ಲಿ ಮಲಗಿಸಿದಳು, ಹೆಣ್ಣು ಕೂಸು. ಅಜ್ಜಿ ಅದರ ಎರಡೂ ಕಿವಿಗಳನ್ನು ಮುಟ್ಟಿ ನೋಡಿ, "ಒಣಗವೆ" ಎಂದು ನಕ್ಕಳು. ಅದೇ ಅವಳ ಕೊನೆಯ ಮಾತು.

ಹಸು ಕರು ಹಾಕಿತು, ಹಾಲು ಹೆಪ್ಪಾಯಿತು, ಕೋಳಿಯ ಹಿಂದೆ ಮರಿಗಳು ಓಡಿದವು. ರಾಜ ತನ್ನ ನಾಲಗೆಯ ಮರುಳಿಗೆ ತಾನೇ ನಾಚಿ, ಅರಮನೆಯ ಕಣಜದಿಂದ ಊರೂರಿಗೆ ಬಿತ್ತನೆ ಬೀಜ ಹಂಚಿದ. ಜನ ಅಟ್ಟದಿಂದ ಚಾಪೆ ಇಳಿಸಿದರು.

ಬೇಸಿಗೆ ಬಂದಾಗ ಹೊನ್ನಾಜಿ ಕೂಸನ್ನು ಮಡಿಲಲ್ಲಿ ಮಲಗಿಸಿಕೊಂಡು ಜಾಡಿಯನ್ನು ನೇರ ನಿಲ್ಲಿಸಿದಳು. ಹೊಸ ಕಾಯಿ ತುಂಬಿ ಉಪ್ಪುನೀರು ಸುರಿದು, ಬೆಟ್ಟಕ್ಕೆ ಹೋಗಿ ಬಂದಿದ್ದ ಅದೇ ಬಟ್ಟೆಯನ್ನು ಜಾಡಿಯ ಬಾಯಿಗೆ ಕಟ್ಟಿದಳು. ಕುಂದಲಗಿರಿಯ ಜನ ಕಾಲಕ್ಕೆ ಬಿತ್ತಿ, ಕಾಲಕ್ಕೆ ಉಂಡು, ಕಾಲ ಬಂದಾಗ ಕಣ್ಣು ಮುಚ್ಚಿ ಸುಖವಾಗಿ ಬಾಳಿದರು. ಒಂಟಿಮನೆಯ ಆ ಕೂಸು ಬೆಳೆದು ಹಿರಿಯಳಾಗಿ, ತನ್ನ ಜಾಡಿಯನ್ನು ತಾನೇ ತೊಳೆದಿಡುವ ದಿನದವರೆಗೂ, ಅದರಾಚೆಗೂ, ಆ ಒಲೆಯ ಕೆಂಡ ಮತ್ತೆ ಹೊಸಿಲು ದಾಟಲಿಲ್ಲ.